ಕಹಳೆ ಕೂಗಿದ ರೊಟ್ಟಿ

ಯಾತ್ರಿನಿವಾಸದ ಬಚ್ಚಲಿನಲ್ಲಿ ಕನ್ನಡಿಯ ಮುಂದೆ ನಿಂತು, ಬೆರಳುಗಳನ್ನು ಒಂದರ ಕೆಳಗೊಂದು ಜೋಡಿಸಿ, ಅವನು ಹಲ್ಲುಗಳ ನಡುವೆ ತೂರಿಸಿ ನೋಡಿದ. ಹೋದ ವರ್ಷ ಮೂರು ಬೆರಳು ಆರಾಮಾಗಿ ಹಿಡಿಯುತ್ತಿದ್ದವು. ಈಗ ಎರಡಕ್ಕೇ ತಿಣುಕಬೇಕು. ಬಿಸಿನೀರಿನ ಹಬೆಗೆ ಕನ್ನಡಿ ಮಸುಕಾಯಿತು. ಒಳ್ಳೆಯದೇ ಆಯಿತು ಎಂದುಕೊಂಡು ಬಾಯಲ್ಲಿದ್ದ ತಂಬಾಕನ್ನು ಉಗಿದು, ಮೂರು ಸಲ ಮುಕ್ಕಳಿಸಿ, ದವಡೆಗೊಂದು ಲವಂಗ ಸೇರಿಸಿದ.

"ಅಲ್ಲೇ ಸಂಸಾರ ಹೂಡಿದ್ರಾ?" ಹೆಂಡತಿ ಬಾಗಿಲು ಬಡಿದಳು. "ಗುರುದ್ವಾರಕ್ಕೆ ಬೆಳಗ್ಗೆ ಹೋಗೋಣ ಅಂದಿದ್ದು, ಸಂಜೆಗಲ್ಲ."

"ಬಂದೆ ಕಣೇ. ಈ ಚಳೀಲಿ ಮೈ ಬಗ್ಗಬೇಕಲ್ಲ."

ಅವನು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಮೈಕಿಲ್ಲದೆ ನಾನೂರು ಜನಕ್ಕೆ ಕೇಳಿಸುತ್ತಿದ್ದ ಗಂಟಲು. ಹಾಗಾಗಿ ಎಲ್ಲರ ಬಾಯಲ್ಲೂ ಅವನು 'ಕಹಳೆ'. ಹುಡುಗಿಯಾಗಿದ್ದಾಗ ಅಪ್ಪನ ಈರುಳ್ಳಿ ಗಾಡಿಯ ಜೊತೆ ಬಂದ ಹೆಂಡತಿ, ಮುಖ ನೋಡುವ ಮೊದಲೇ ಆ ದನಿಗೆ ಮನಸೋತಿದ್ದಳು. ಮುಖ ನೋಡಿದ ಮೇಲೆ ಒಂದು ವಾರ ಯೋಚಿಸಬೇಕಾಯಿತು ಎಂದು ಈಗಲೂ ಛೇಡಿಸುತ್ತಾಳೆ.

ಹರಾಜಿನ ಕಟ್ಟೆಯ ಮೇಲೆ ಎಲ್ಲರೂ ಬಾಯಿಗೆ ತಂಬಾಕು-ಅಡಿಕೆಯ ಪೊಟ್ಟಣ ಸುರಿದುಕೊಳ್ಳುವವರೇ. ಅವನೂ ಮೀಸೆ ಮೂಡುವ ವಯಸ್ಸಿನಲ್ಲೇ ಶುರುಮಾಡಿದ್ದ. ಆರು ತಿಂಗಳ ಕೆಳಗೆ ಮಗಳ ತಲೆ ಮುಟ್ಟಿ ಬಿಟ್ಟೆನೆಂದು ಆಣೆ ಮಾಡಿದ. ಒಂಬತ್ತು ದಿನ ನಿಜಕ್ಕೂ ಬಿಟ್ಟಿದ್ದ. ಹತ್ತನೆಯ ದಿನದಿಂದ ಕದ್ದು ತಿನ್ನುವುದು ಶುರುವಾಯಿತು. ಖಾರ ಸೋಕಿದರೆ ಕೆನ್ನೆಯ ಒಳಗೆ ಬೆಂಕಿ ಬಿದ್ದಂತಾಗುತ್ತಿತ್ತು, ಹಲ್ಲುನೋವು ಎಂದ. ಕಟ್ಟೆಗೆ ಮೈಕು ತರಿಸಿದ. ಗಂಟಲಿಗೂ ವಯಸ್ಸಾಯಿತಲ್ಲ ಎಂದ. ರಾತ್ರಿ ಮಲಗಿದಾಗ ಮಾತ್ರ, ಈ ಬಾಯಿ ಪೂರ್ತಿ ಕಚ್ಚಿಕೊಂಡರೆ ಏನು ಗತಿ ಎಂದು ಕತ್ತಲಲ್ಲೇ ಬೆರಳಿಟ್ಟು ಅಳೆದು ನೋಡುತ್ತಿದ್ದ. ಡಾಕ್ಟರ ಬಳಿ ಹೋದರೆ ಗುಟ್ಟು ರಟ್ಟಾಗುತ್ತದೆಂದು ಹೋಗಿರಲಿಲ್ಲ.

ಮಾರುಕಟ್ಟೆಗೆ ಹೊಸ ಚಾವಣಿ ಹಾಕುತ್ತಾರೆಂದು ಹದಿನೈದು ದಿನ ರಜೆ ಸಿಕ್ಕಿತ್ತು. ರಾಜ್ಯದ ಉತ್ತರದ ತುದಿಯಲ್ಲಿರುವ ಸಿಖ್ಖರ ಯಾತ್ರಾನಗರವನ್ನು ನೋಡಬೇಕೆಂಬುದು ಹೆಂಡತಿಯ ಬಹುಕಾಲದ ಆಸೆ. ಚಳಿಗಾಲದಲ್ಲಿ ಬೇಡವೆಂದು ಅವನು ಹೇಳಿ ನೋಡಿದ. ಆಕೆ ಎರಡು ಸ್ವೆಟರು ಹೆಣೆದು ಬಾಯಿ ಮುಚ್ಚಿಸಿದಳು.

ಗುರುದ್ವಾರದ ಹೊರಗೆ ತಂಬಾಕು ಒಳಗೆ ತರಬಾರದೆಂಬ ಫಲಕವಿತ್ತು. "ನಿಮಗೇನು ಬಿಡಿ, ಯಾವಾಗ್ಲೋ ಬಿಟ್ಟಾಯ್ತಲ್ಲ," ಎಂದಳು ಹೆಂಡತಿ. ಅವನು "ಹ್ಞೂಂ" ಎಂದು ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡ. ಪೊಟ್ಟಣಗಳನ್ನೆಲ್ಲ ಕೋಣೆಯಲ್ಲೇ ಬಿಟ್ಟು ಬಂದಿದ್ದ. ಆ ಮಟ್ಟಿಗೆ ಅವನಿಗೆ ದೇವರ ಭಯವಿತ್ತು. ಹೆಂಡತಿಯ ಭಯ ಅದಕ್ಕಿಂತ ಒಂದು ತೂಕ ಹೆಚ್ಚು.

ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಕಟ್ಟಿ, ಒದ್ದೆ ಹಾಸುಗಲ್ಲಿನ ಮೇಲೆ ಕಾಲಿಟ್ಟರೆ ಚಳಿ ಸೀದಾ ನೆತ್ತಿಗೇರಿತು. ಕೊಳದ ಮೇಲೆ ಮಂಜು ಕೂತಿತ್ತು. ಹಲ್ಲು ಕಟಕಟಿಸುತ್ತ ನೀರಿನಿಂದ ಮೇಲೆದ್ದ ಮುದುಕರೊಬ್ಬರು ಇವರನ್ನು ನೋಡಿ, ಬನ್ನಿ ಬನ್ನಿ ಎಂದು ನಕ್ಕರು. ದರ್ಶನ ಮುಗಿಸಿ ಊಟದ ಮನೆಗೆ ಬಂದು ಸಾಲಿನಲ್ಲಿ ಕೂತಾಗ ಇಬ್ಬರಿಗೂ ಹಸಿವಾಗಿತ್ತು.

ಅಲ್ಲಿ ಬಡಿಸುವವರೂ ಬಂದ ಯಾತ್ರಿಕರೇ. ಯಾರು ಬೇಕಾದರೂ ಎದ್ದು ಕೈಹಾಕಬಹುದು. ರೊಟ್ಟಿಯ ಬುಟ್ಟಿ ಹೊತ್ತು ಸಾಲಿನಲ್ಲಿ ಕೂಗುತ್ತ ಹೋದರೆ, ಬೇಕಾದವರು ಎರಡೂ ಕೈ ಚಾಚಿ ಈಸಿಕೊಳ್ಳುತ್ತಾರೆ. ಅವತ್ತು ಜನ ಹೆಚ್ಚು, ಕೂಗುವವರು ಕಡಿಮೆ.

"ಒಬ್ಬರು ಬರ್ತೀರಾ? ಗಂಟಲು ಗಟ್ಟಿ ಇರಬೇಕು," ಎಂದು ಮೇಲ್ವಿಚಾರಕ ಕೇಳಿದ.

"ನಮ್ಮನೆಯವರಿದಾರೆ!" ಹೆಂಡತಿ ಥಟ್ಟನೆ ಅಂದಳು. "ಏಳ್ರೀ. ಮಾರುಕಟ್ಟೆದು ಆಯ್ತು, ಈ ಚಾವಣಿನೂ ಹಾರ್ಕೊಂಡು ಹೋಗ್ಲಿ."

ಅವಳ ಮುಖದಲ್ಲಿದ್ದ ಹೆಮ್ಮೆ ನೋಡಿ ಅವನಿಗೆ ಇಲ್ಲ ಎನ್ನಲಾಗಲಿಲ್ಲ. ಮಫ್ಲರು ಕಳಚಿ ಬುಟ್ಟಿ ಎತ್ತಿಕೊಂಡ.

"ರೊಟ್ಟೀ..." ಎಂದ. ದನಿ ಮುಚ್ಚಳದ ಕೆಳಗಿನಿಂದ ಬಂದಂತಿತ್ತು. ತಟ್ಟೆಗಳ ಸದ್ದು ಅದನ್ನು ಅಲ್ಲೇ ನುಂಗಿಹಾಕಿತು. ಎರಡು ಮಾರು ದೂರದವರೂ ತಿರುಗಿ ನೋಡಲಿಲ್ಲ. ಇನ್ನೂ ಜೋರಾಗಿ ಕೂಗಲು ಹೋದ. ಕೆನ್ನೆ ಒಳಗಿಂದ ಹಿಡಿದೆಳೆದಂತಾಗಿ ಕಣ್ಣಲ್ಲಿ ನೀರು ಬಂತು. ಗಾಬರಿಗೆ ನಾಲಿಗೆ ಮೂವತ್ತು ವರ್ಷದ ಅಭ್ಯಾಸದ ದಾರಿ ಹಿಡಿಯಿತು.

"ಒಂದು ಸಲ... ಎರಡು ಸಲ..."

ಪಕ್ಕದ ಸಾಲು ಗೊಳ್ಳೆಂದಿತು. ಮುದುಕನೊಬ್ಬ ಎರಡೂ ಕೈ ಚಾಚಿ, "ಮೂರು ಸಲ ಅನ್ನೋದ್ರೊಳಗೆ ಕೊಟ್ಬಿಡಪ್ಪಾ, ಹಸಿವಾಗಿದೆ," ಎಂದ. ಇವನೂ ನಗಲು ನೋಡಿದ. ನಗು ಕೂಡ ಅರ್ಧಕ್ಕೇ ನಿಂತಿತು. ಅಷ್ಟು ಜನರಲ್ಲಿ ಹೆಂಡತಿಯೊಬ್ಬಳು ನಗುತ್ತಿರಲಿಲ್ಲ. ಮುರಿದ ರೊಟ್ಟಿ ಅವಳ ಕೈಯಲ್ಲೇ ಇತ್ತು.

ಬುಟ್ಟಿ ಇನ್ನೊಬ್ಬರಿಗೆ ಕೊಟ್ಟು ಬಂದು ಕೂತ. ರೊಟ್ಟಿಯನ್ನು ಉಗುರಿನಷ್ಟು ಹರಿದು, ಬೇಳೆಯಲ್ಲಿ ನೆನೆಸಿ, ತುಟಿಯ ಸಂದಿಯಲ್ಲಿ ತೂರಿಸಿದ.

"ಬಾಯಿ ತೆಗೀರಿ," ಎಂದಳು.

"ಜನ ನೋಡ್ತಾರೆ ಕಣೇ."

"ದಿನಾ ನಾನೂರು ಜನರ ಮುಂದೆ ತೆಗಿಯೋ ಬಾಯಿ ತಾನೇ? ತೆಗೀರಿ."

ತೆರೆದ. ಎರಡು ಬೆರಳಗಲಕ್ಕೇ ನಿಂತ ಬಾಯಿ ನೋಡಿ ಅವಳ ಮುಖದ ರಕ್ತ ಇಳಿದುಹೋಯಿತು. ಊಟ ಹಾಗೂ ಹೀಗೂ ಮುಗಿಸಿ, ತಟ್ಟೆ ತೊಳೆಯುವವರ ಕೈಗೆ ಕೊಟ್ಟು, ಇಲ್ಲಿ ಡಾಕ್ಟರು ಯಾರಾದರೂ ಇದ್ದಾರೆಯೇ ಎಂದು ಮೇಲ್ವಿಚಾರಕನನ್ನು ಕೇಳಿದಳು. ಹಿಂಬದಿಯಲ್ಲೇ ಧರ್ಮಾಸ್ಪತ್ರೆಯಿತ್ತು. ಅವನು ತಕರಾರು ಮಾಡದೆ ಹಿಂದೆ ನಡೆದ. ಹೆದರಿಕೆ ಎಷ್ಟಿತ್ತೋ, ಇನ್ನು ಬಚ್ಚಿಡಬೇಕಿಲ್ಲ ಎಂಬ ನಿರಾಳವೂ ಅಷ್ಟೇ ಇತ್ತು.

ಹಲ್ಲಿನ ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿದರು. ಕೆನ್ನೆಯ ಒಳಗೆ ಬೆರಳಾಡಿಸಿದರು.

"ತಂಬಾಕು, ಅಡಿಕೆ. ಒಳಗೆಲ್ಲ ಹಗ್ಗದ ಹಾಗೆ ಬಿಗಿದುಕೊಂಡಿದೆ. ಎಡಗಡೆ ಒಂದು ಬಿಳಿ ಮಚ್ಚೆ ಇದೆ. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಲೇಬೇಕು. ಇಲ್ಲಿ ಆಗಲ್ಲ, ನಿಮ್ಮೂರಲ್ಲಿ ಮಾಡಿಸಿ, ತಡ ಮಾಡಬೇಡಿ."

"ಬಾಯಿ ಮೊದಲಿನ ಥರ ಆಗುತ್ತಾ?" ಎಂದ.

"ಪೂರ್ತಿ ಆಗುತ್ತೆ ಅಂತ ಸುಳ್ಳು ಹೇಳಲ್ಲ. ತಿನ್ನೋದು ನಿಲ್ಲಿಸಿದರೆ ಇನ್ನೂ ಬಿಗಿಯೋದನ್ನ ತಡೀಬಹುದು. ಬಿಟ್ಟು ಎಷ್ಟು ದಿನ ಆಯ್ತು?"

ಹೆಂಡತಿ ತಲೆ ತಗ್ಗಿಸಿಕೊಂಡೇ ಇದ್ದಳು.

"ಆರು ತಿಂ..." ಎಂದವನು ಉಗುಳು ನುಂಗಿದ. "ಬಿಟ್ಟಿಲ್ಲ. ಇವತ್ತು ಬೆಳಗ್ಗೆನೂ ಹಾಕ್ಕೊಂಡಿದ್ದೆ."

ಡಾಕ್ಟರಮ್ಮನಿಗೆ ಆಶ್ಚರ್ಯವೇನೂ ಆದಂತಿರಲಿಲ್ಲ. "ದಿನಕ್ಕೆ ಎಷ್ಟು ಪೊಟ್ಟಣ?"

"ನಾಲ್ಕು."

ಅವರು ಬರೆಯಲಿಲ್ಲ. ಪೆನ್ನು ಹಿಡಿದು ಕಾದರು.

"ಆರು," ಎಂದ. ಆಮೇಲೆ, "ಹತ್ತು." ಪೆನ್ನು ಇನ್ನೂ ಕದಲಲಿಲ್ಲ. "ಹದಿನಾಲ್ಕು."

"ಹದಿನಾಲ್ಕೇ," ಎಂದಳು ಹೆಂಡತಿ. "ಖಾಲಿ ಪೊಟ್ಟಣ ನಮ್ಮನೆ ನೀರಿನ ಟ್ಯಾಂಕಿನ ಹಿಂದೆ ಎಸೀತಾರೆ. ದಿನಾ ಗುಡಿಸೋಳು ನಾನೇ."

ಅವನು ತಿರುಗಿ ನೋಡಿದ. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಆಣೆ ಮುರಿದ್ರಿ ಅಂತ ಎದುರಿಗೆ ಕೇಳಿದ್ರೆ ನಿಮ್ಮ ಮುಖ ಸಣ್ಣದಾಗುತ್ತೆ ಅಂತ ನಂಬಿದೋಳ ಹಾಗೆ ಇದ್ದೆ. ತಾವಾಗೇ ಹೇಳ್ತಾರೆ ಅಂತ ಕಾದೆ. ಬಾಯಿ ಹೀಗಾಗಿರೋದು ಮಾತ್ರ ಗೊತ್ತಿರಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡು ಡಾಕ್ಟರಮ್ಮನ ಕಡೆ ತಿರುಗಿದಳು. "ಆರು ತಿಂಗಳು ನಾನೂ ಸುಮ್ಮನಿದ್ದೆ ಡಾಕ್ಟ್ರೇ. ಅದನ್ನೂ ಬರ್ಕೊಳ್ಳಿ."

ಅವನಿಗೆ ನಾಚಿಕೆಗಿಂತ ಹೆಚ್ಚಾಗಿ, ಇವಳನ್ನು ಇಷ್ಟು ದಿನ ಒಬ್ಬಳನ್ನೇ ಕಾಯಿಸಿದೆನಲ್ಲ ಎಂಬ ಸಂಕಟವಾಯಿತು.

ಡಾಕ್ಟರಮ್ಮ ಚೀಟಿ ಬರೆದು ಮುಂದೆ ಸರಿಸಿದರು. "ಊರಿಗೆ ಯಾವತ್ತು ಹೊರಡ್ತೀರಿ?"

ಅವರ ಟಿಕೆಟ್ಟು ಇದ್ದದ್ದು ಮುಂದಿನ ವಾರಕ್ಕೆ.

"ಇವತ್ತು," ಎಂದ ಅವನು. "ಯಾವ ರೈಲು ಸಿಗುತ್ತೋ ಅದರಲ್ಲಿ."