ಅಪ್ಪನಿಗೆ ಊರು ತೋರಿಸಿದ್ದು

ಕಾರಿನ ಕಿಟಕಿ ಗಾಜಿನ ಮೇಲೆ ಉಪ್ಪು, ಬೆರಳಲ್ಲಿ ಉಜ್ಜಿದರೆ ಇನ್ನೂ ಮಬ್ಬಾಗುತ್ತೆ, ಬಿಡು, ನೋಡೋಕೆ ಇನ್ನೇನಿದೆ, ಎಲ್ಲಾ ನೋಡಿ ಆಯಿತು, ಕೋಟೆ, ಕಪ್ಪೆಚಿಪ್ಪಿನ ಮ್ಯೂಸಿಯಂ, ದೀಪಸ್ತಂಭ, ಕೊನೆಗೆ ಆ ಬಂಡೆಗಳ ನಡುಗಡ್ಡೆ, ಹಿಂದಿನ ಸೀಟಲ್ಲಿ ನಾನು, ಮುಂದೆ ಅಪ್ಪ, ಸ್ಟೀರಿಂಗ್ ಹಿಡಿದು ಇವನು — ಇವನು ಅನ್ನಬೇಕೋ ಅವನು ಅನ್ನಬೇಕೋ, ಮನೆ ಬಿಟ್ಟು ಹೋದ ಗಂಡ ಒಂದು ಮೊಳ ದೂರದಲ್ಲಿ ಕೂತು ಗೇರು ಬದಲಾಯಿಸುತ್ತಿದ್ದರೆ ಏನನ್ನುತ್ತಾರೆ — ಕಾಲು ನೋಯುತ್ತಿದೆ, ಕಾಲಿಗಿಂತ ಕೆನ್ನೆ, ಬೆಳಗ್ಗಿನಿಂದ ನಗುಮುಖ ಹೊತ್ತು ಓಡಾಡಿ ಕೆನ್ನೆ ಹಿಡಿದುಕೊಂಡಿದೆ. ಅಪ್ಪ ಬರ್ತೀನಿ ಅಂತ ಫೋನ್ ಮಾಡಿದಾಗಲೇ ಹೇಳಿಬಿಡಬೇಕಿತ್ತು, ಅಪ್ಪಾ, ನಿಮ್ಮ ಅಳಿಯ ಇಲ್ಲಿಲ್ಲ, ಮಾರ್ಕೆಟ್ ಹಿಂದೆ ರೂಮು ಮಾಡಿದ್ದಾನೆ, ಮಳೆಗಾಲಕ್ಕೆ ಮುಂಚೆಯೇ ಹೋದ, ಅಷ್ಟೇ ಮಾತು, ನಾಲಿಗೆ ಹೊರಳಲಿಲ್ಲ, ಅಮ್ಮ ಹೋಗಿ ಇನ್ನೂ ವರ್ಷ ತುಂಬಿಲ್ಲ, ಆ ಮನುಷ್ಯನ ತಲೆ ಮೇಲೆ ಇದನ್ನೂ ಹೇರಲಾ. ಅದಕ್ಕೇ ಇವನಿಗೆ ಫೋನ್ ಮಾಡಿದೆ, ಎರಡು ದಿನ ಬಂದು ಗಂಡನಾಗಿ ಇರ್ತೀಯಾ, ಏಸಿ ಮೆಕ್ಯಾನಿಕ್ ತಾನೇ, ಕೆಟ್ಟಿದೆ ಬನ್ನಿ ಅಂತ ದಿನಾ ಯಾರೋ ಕರೀತಾರೆ, ನಾನೂ ಕರೆದೆ, ಬರ್ತೀನಿ ಅಂದ, ಟವಲ್ಲೂ ತರ್ಬೇಕಾ? ನಗು ಬಂತು, ಅಳುವೂ ಬಂತು, ನಾನು ಕೆಲಸ ಮಾಡೋ ಲ್ಯಾಬಿನಲ್ಲಿ ಯಾರದೋ ಹಲ್ಲಿನ ಸೆಟ್ಟಿಗೆ ಮೇಣ ಕೂರಿಸುತ್ತಿದ್ದೆ, ಅದು ಕೈ ಶಾಖಕ್ಕೆ ಮೆತ್ತಗಾಗಿ ಸೊಟ್ಟಗಾಯಿತು, ಮತ್ತೆ ಮೊದಲಿಂದ ಮಾಡಬೇಕಾಯಿತು, ಎಲ್ಲಾ ಮೊದಲಿಂದ ಮಾಡೋ ಹಾಗಿದ್ದಿದ್ದರೆ.

ಮನೆಯೊಳಗೆ ಮೂವರೂ ಸುಮ್ಮನೆ ಕೂತರೆ ಗುಟ್ಟು ರಟ್ಟಾಗುತ್ತೆ ಅಂತ ಊರು ನೋಡೋ ಉಪಾಯ ನನ್ನದೇ, ಉಪಾಯ ಅಂತೆ, ಇಷ್ಟು ವರ್ಷ ಇಲ್ಲೇ ಇದ್ದು ನಾವಿಬ್ಬರೂ ಒಂದನ್ನೂ ನೋಡಿರಲಿಲ್ಲ, ದೀಪಸ್ತಂಭದ ಬೆಳಕು ಅಡುಗೆಮನೆ ಕಿಟಕಿಯಿಂದ ಪಾತ್ರೆಗಳ ಮೇಲೆ ಬಂದು ಬಂದು ಹೋಗುತ್ತೆ, ಮದುವೆಯಾದ ಹೊಸದರಲ್ಲಿ ಬರೋ ಭಾನುವಾರ ಹತ್ತೋಣ ಅಂದುಕೊಂಡದ್ದು, ಭಾನುವಾರ ಅಂದರೆ ಬಟ್ಟೆ ಒಗೆಯೋದು, ಭಾನುವಾರ ಅಂದರೆ ನಿದ್ದೆ, ಆಮೇಲಾಮೇಲೆ ಭಾನುವಾರ ಅಂದರೆ ಇವನು ಒಂದು ಕೋಣೆ ನಾನು ಒಂದು ಕೋಣೆ. ಕೋಟೆಯಲ್ಲಿ ಅಪ್ಪ ಫಿರಂಗಿ ನೋಡಲೇ ಇಲ್ಲ, ಬೋರ್ಡು ನೋಡಿದರು, ಜೀವನವಿಡೀ ಅಂಗಡಿ ಬೋರ್ಡು ಬರೆದ ಕೈ, ಬೇರೆಯವರು ಬರೆದದ್ದು ಕಂಡರೆ ಆಗಲ್ಲ, ಬಣ್ಣ ಹೆಂಗೆ ಬಳ್ದಿದಾನೆ ನೋಡು, ಇದು ಬ್ರಷ್ಷಾ ಪೊರಕೆಯಾ, ಇವನು ನಕ್ಕ, ನಾಟಕಕ್ಕಲ್ಲ, ಹೊಟ್ಟೆಯಿಂದ ನಕ್ಕ, ಈ ನಗು ಹೀಗಿತ್ತು ಅನ್ನೋದೇ ಮರೆತು ಹೋಗಿತ್ತು. ದೀಪಸ್ತಂಭದ ಬುಡದಲ್ಲಿ ಅಪ್ಪ ಕಟ್ಟೆ ಮೇಲೆ ಕೂತುಬಿಟ್ಟರು, ನನ್ನ ಮಂಡಿ ಕೇಳಲ್ಲ, ನೀವಿಬ್ರೂ ಹೋಗಿಬನ್ನಿ, ಸುತ್ತಿ ಸುತ್ತಿ ಮೇಲಕ್ಕೆ ಹೋಗೋ ಮೆಟ್ಟಿಲು, ಮುಂದೆ ಇವನು, ಏದುಸಿರು ಇಬ್ಬರದ್ದೂ, ಮೇಲೆ ಗಾಳಿಯೋ ಗಾಳಿ, ಅಗೋ, ನಮ್ಮನೆ ನೀರಿನ ಟ್ಯಾಂಕು ಅಂದ, ನಮ್ಮನೆ ಅಂದುಬಿಟ್ಟ, ಇಬ್ಬರೂ ಟ್ಯಾಂಕನ್ನೇ ನೋಡಿದೆವು, ಹೇಗಿದೀಯ ಅಂದೆ, ಸುಸ್ತು ಅಂದ, ನಂಗೂ. ಅಷ್ಟೇ. ಅಷ್ಟು ನಿಜದ ಮಾತು ಆಡಿ ಎಷ್ಟು ಕಾಲವಾಗಿತ್ತೋ, ಇಳಿಯುವಾಗ ಕತ್ತಲ ತಿರುವಿನಲ್ಲಿ ಹುಷಾರು ಅಂದ, ಕೈ ಕೊಡಲಿಲ್ಲ, ನಾನೂ ಚಾಚಲಿಲ್ಲ.

ನಡುಗಡ್ಡೆಗೆ ಹೋಗುವಾಗ ನೀರು ಇಳಿದಿತ್ತು, ಮರಳ ಮೇಲೆ ನಡೆದೇ ಹೋದೆವು, ಅಪ್ಪ ಬಂಡೆ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟು ಸಮುದ್ರ ನೋಡಿದ್ದೇ ನೋಡಿದ್ದು, ಎದ್ದಾಗ ದಾರಿ ಮುಳುಗಿಹೋಗಿತ್ತು, ಮಂಡಿವರೆಗೆ ನೀರು, ಏರುತ್ತಾ ಇದೆ. ಇವನು ಪ್ಯಾಂಟು ಮಡಚಿ ಅಪ್ಪನ ಮುಂದೆ ಬಗ್ಗಿದ, ಹತ್ತಿ ಮಾವ. ಅಯ್ಯೋ, ನಾನೇನು ಮಗುವಾ. ಹತ್ತಿ ಮಾವ, ನೀರು ಕಾಯಲ್ಲ. ಅಪ್ಪ ಆ ಬಗ್ಗಿದ ಬೆನ್ನನ್ನೇ ಒಂದು ಗಳಿಗೆ ನೋಡಿದರು, ಆಮೇಲೆ ಕೊರಳು ಬಳಸಿ ಹತ್ತಿದರು, ಹಿಂದೆ ನಾನು, ಕಣ್ಣಿಗೆ ಕಾಣೋದು ಇವನ ಬೆನ್ನ ಎರಡೂ ಪಕ್ಕ ನೇತಾಡುವ ಅಪ್ಪನ ಅಂಗಾಲುಗಳು, ಬೆಳ್ಳಗೆ, ನೀರಿಗೆ ನೆನೆದು ಸುಕ್ಕಾದದ್ದು, ಅಳಿಯನ ಬಟ್ಟೆಗೆ ಸೋಕಬಾರದು ಅಂತ ಬೆರಳು ಮುದುರಿಕೊಂಡದ್ದು. ನಟ್ಟನಡುವೆ ಇವನು ನಿಂತುಬಿಟ್ಟ. ಕಾಲು ಜಾರಿತಾ, ಕೂಗಿದೆ, ಗಾಳಿಗೆ ಕೇಳಿಸಲಿಲ್ಲ, ತೊಡೆವರೆಗೆ ನೀರು, ನಿಂತೇ ಇದ್ದಾನೆ, ಅಂಗಾಲುಗಳೂ ಅಲುಗದೆ, ಆಮೇಲೆ ನಡೆದ, ಮೊದಲಿಗಿಂತ ನಿಧಾನವಾಗಿ.

ಕಾರು ನಿಂತಿತು, ಪೆಟ್ರೋಲ್ ಬಂಕು, ಟೈರಿಗೆ ಗಾಳಿ ಹಾಕಿಸ್ತೀನಿ ಅಂತ ಇಳಿದ. ಅಪ್ಪ ನಿದ್ದೆ ಮಾಡ್ತಿದಾರೆ ಅಂದುಕೊಂಡಿದ್ದೆ, ಕಣ್ಣು ಬಿಡದೆಯೇ ಕೇಳಿದರು, ಮನೆ ಬಿಟ್ಟು ಯಾವಾಗ ಹೋದ ಇವನು? ಏನಪ್ಪಾ? ಹಾಲ್‌ನ ಲೈಟಿನ ಸ್ವಿಚ್ಚು ಕಣೇ, ಹೊಸದಾಗಿ ಬಾಗಿಲಿನ ಈ ಕಡೆ ಹಾಕ್ಸಿದೀಯ, ಇವನು ನಿನ್ನೆ ಆ ಕಡೆ ಗೋಡೆ ತಡಕ್ತಿದ್ದ. ಮಳೆಗಾಲಕ್ಕೆ ಮುಂಚೆ ಅಂದೆ. ಹೊಡೆದಾಡಿದ್ರಾ? ಇಲ್ಲ. ಬೇರೆ ಯಾರಾದ್ರೂ? ಇಲ್ಲಪ್ಪ. ಮತ್ತೆ? ಇಬ್ರಿಗೂ ಸಾಕಾಗಿಹೋಯ್ತು. ಅಪ್ಪ ಹ್ಞೂಂ ಅಂದರು, ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ನಿನ್ನೆಯೇ ಗೊತ್ತಿದ್ದರೆ ಇವತ್ತು ಯಾಕೆ ಸುತ್ತಿದ್ರಿ? ನೀನು ಅಷ್ಟು ಕಷ್ಟಪಟ್ಟು ತೋರಿಸ್ತಿದ್ದೆ, ನೋಡದೇ ಇರೋದು ಹೆಂಗೆ.

ಮನೆ ಬಂತು, ಅಪ್ಪ ಬೀಗದ ಕೈ ಇಸಕೊಂಡು ಒಬ್ಬರೇ ಮೇಲೆ ಹೋದರು, ಮೆಟ್ಟಿಲಿಗೊಂದು ನಿಟ್ಟುಸಿರು, ನಾನು ಕಾರಿನ ಪಕ್ಕ, ಅಪ್ಪನಿಗೆ ಗೊತ್ತಾಗಿದೆ ಕಣೋ. ಇವನು ತಲೆ ಎತ್ತಲಿಲ್ಲ, ಹ್ಞೂಂ, ನೀರಲ್ಲೇ ಹೇಳಿದ್ರು. ಏನಂತ? ನಂಗೆಲ್ಲ ಗೊತ್ತು ಕಣಪ್ಪ, ನೀನು ನನ್ನ ಹೊರಬೇಕಾಗಿಲ್ಲ, ಇಳಿಸು, ನಡೀತೀನಿ, ಅಂದ್ರು. ಮತ್ತೆ? ಮತ್ತೇನು, ಇಳಿಸಲಿಲ್ಲ. ಕಾರಿನ ಕೀ ತಿರುಗಿಸುತ್ತಾ, ನಾನು ರೂಮಿಗೆ ಹೋಗ್ತೀನಿ ಅಂದ, ಇನ್ನು ಇಲ್ಲಿ ಮಲಗೋದು ಸರಿಯಲ್ಲ, ನಾಳೆ ಮಾವನ್ನ ರೈಲಿಗೆ ನಾನೇ ಬಿಡ್ತೀನಿ. ಹೋದ, ಹೋಗಲಿ, ಅವನೇ ಇನ್ನು, ಇವನಲ್ಲ, ಕಾರಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು, ಮೇಲೆ ಹೋಗಬೇಕು, ಅನ್ನಕ್ಕಿಡಬೇಕು, ಅಪ್ಪನ ಮುಖ ನೋಡಬೇಕು, ಮೊದಲ ಮೆಟ್ಟಿಲ ಮೇಲೇ ಕೂತಿದ್ದೇನೆ, ಇಳಿಸಬಹುದಿತ್ತು, ಯಾರೂ ತಪ್ಪು ಅನ್ನುತ್ತಿರಲಿಲ್ಲ, ಸುತ್ತ ನೀರು ಏರುತ್ತಿದೆ, ನಟ್ಟನಡುವೆ ನಿಂತಿದ್ದಾನೆ, ಬೆನ್ನ ಮೇಲೆ ಅಪ್ಪ, ಗಾಳಿಯಲ್ಲಿ ಎರಡು ಅಂಗಾಲು, ಬೆಳ್ಳಗೆ, ಬೆರಳು ಮುದುರಿಕೊಂಡು — ಇಳಿಸಲಿಲ್ಲ — ಎರಡು ಅಂಗಾಲು, ಬೆಳ್ಳಗೆ