ನೀರು ಬೇಡದ ಗಿಡ

ಎಂಬತ್ತನಾಲ್ಕರ ಬೇಸಿಗೆಯಲ್ಲಿ ರಾಯಚೂರಿನ ಡಾಕ್ಟರು ನಮ್ಮತ್ತೆ ಭೀಮವ್ವನ ಊದಿದ ಕಾಲನ್ನು ಬೆರಳಿನಿಂದ ಒತ್ತಿ ನೋಡಿದರು. ಬಿದ್ದ ಕುಳಿ ಮೇಲೇಳಲಿಲ್ಲ. ಎದೆ ಸೋತಿದೆ, ಮೈಯಲ್ಲಿ ನೀರು ತುಂಬುತ್ತಿದೆ, ಉಪ್ಪು ಬಂದ್, ನೀರು ದಿನಕ್ಕೆ ಒಂದೇ ಚರಿಗೆ, ಮೀರಿದರೆ ಉಳಿಯುವುದಿಲ್ಲ ಎಂದರು. ಹೇಳಿದವರು ಫ್ಯಾನಿನ ಕೆಳಗೆ ಕೂತಿದ್ದರು. ದೇವದುರ್ಗದ ಬಿಸಿಲಲ್ಲಿ ಅದನ್ನು ಮಾಡಿ ತೋರಿಸಬೇಕಾದವಳು ನಾನು, ಸೊಸೆ.

ಮೊದಲು ಜಗಳ ಹುಟ್ಟಿದ್ದು ಉಪ್ಪಿಗೆ. ಜೋಳದ ರೊಟ್ಟಿಗೆ ನಾವು ಹೇಗೂ ಉಪ್ಪು ಹಾಕುವುದಿಲ್ಲ, ಅಷ್ಟರ ಮಟ್ಟಿಗೆ ಡಾಕ್ಟರ ಮಾತು ನಡೆಯಿತು. ಬೇಳೆಯನ್ನು ಬಾಯಿಗಿಟ್ಟ ಅತ್ತೆ ಗಂಗಾಳ ದೂಡಿದಳು.

"ಇದನ್ನ ಎಮ್ಮಿಗಿ ಹಾಕು. ಅದಕ್ಕೂ ನಾಲಿಗಿ ಅದ, ಒದೀತದ."

ಆಮೇಲೆ ಅವಳು ಉಣ್ಣುವುದನ್ನೇ ಬಿಟ್ಟಳು.

ನನ್ನ ಗಂಡ ತಾಯಣ್ಣ ಆಗ ಶಕ್ತಿನಗರದಲ್ಲಿ ಕಟ್ಟುತ್ತಿದ್ದ ಕರೆಂಟಿನ ಕಾರ್ಖಾನೆಯಲ್ಲಿ ಗಾರೆ ಮೇಸ್ತ್ರಿ. ಅಲ್ಲಿದ್ದ ಪರದೇಶದ ಇಂಜಿನಿಯರೊಬ್ಬ ತನ್ನೂರಿಗೆ ಹೊರಟಾಗ ಮನೆಯ ಸಾಮಾನು ಹಂಚಿದನಂತೆ. ಒಬ್ಬರಿಗೆ ಕುರ್ಚಿ, ಒಬ್ಬರಿಗೆ ರೇಡಿಯೋ. ನನ್ನ ಗಂಡನ ಹಣೆಬರಹಕ್ಕೆ ಒಂದು ಕುಂಡ ಬಂತು. ಅದರಲ್ಲಿ ಗೇಣುದ್ದದ ಗಿಡ, ಒಣಕಲು ಕಡ್ಡಿ, ಎಳ್ಳಿಗಿಂತ ತುಸು ದೊಡ್ಡ ಎಲೆ. ಹೆಸರು ಥೈಮ್. ತಿಕ್ಕಿ ಮೂಸಿದರೆ ಓಂಕಾಳಿನ, ನಮ್ಮ ಅಜಿವಾನದ, ವಾಸನೆ.

"ಸಾಹೇಬ ಇದನ್ನ ಅಡಿಗಿಗಿ ಹಾಕ್ತಿದ್ದ. ನೀರು ಜಾಸ್ತಿ ಹಾಕಬ್ಯಾಡ ಅಂದಾನ, ಕೊಳೀತದಂತ," ಎಂದ ಗಂಡ.

ನೀರು ಹಾಕಬಾರದ್ದು ಈ ಮನೆಗೆ ಇನ್ನೊಂದು ಬಂತು ಎಂದುಕೊಂಡೆ.

ಚಿಟಿಕೆ ಎಲೆಯನ್ನು ಬೆಳ್ಳುಳ್ಳಿಯ ಜೊತೆ ಜಜ್ಜಿ, ಉಪ್ಪಿಲ್ಲದ ಬೇಳೆಗೆ ಒಗ್ಗರಣೆ ಕೊಟ್ಟು, ಮೇಲೆ ನಿಂಬೆಹಣ್ಣು ಹಿಂಡಿದೆ. ಅತ್ತೆ ಮೂಸಿದಳು. ಉಂಡಳು. "ಇನ್ನಷ್ಟು ಹಾಕು," ಎಂದಳು. ನನ್ನ ಕಣ್ಣಲ್ಲಿ ನೀರು ಬಂತು. ಒಗ್ಗರಣೆಯ ಹೊಗೆ ಎಂದೆ. ವಾರ ಕಳೆಯುವುದರಲ್ಲಿ ಕಾಲಿನ ಊತ ಇಳಿಯಿತು. ಈ ಗಿಡ ಇರುವವರೆಗೆ ಅತ್ತೆ ಉಣ್ಣುತ್ತಾಳೆ, ಉಣ್ಣುವವರೆಗೆ ಇರುತ್ತಾಳೆ.

ಆದರೆ ಕುಂಡ ಇದ್ದದ್ದು ಕಟ್ಟೆಯ ಮೇಲೆ. ನಮ್ಮ ಓಣಿಯಲ್ಲಿ ಕಟ್ಟೆಯ ಮೇಲಿನ ಗಿಡಕ್ಕೆ ನೀರು ಹಾಕದೆ ಮುಂದೆ ಹೋಗುವವರಿಲ್ಲ. ಜಳಕ ಮಾಡಿದವರು ತುಳಸಿಗೆ ಹಾಕುವ ಹಾಗೆ ಕೈಮುಗಿದು ತಂಬಿಗೆ ಬಗ್ಗಿಸುತ್ತಾರೆ. ಪಕ್ಕದ ಮನೆಯ ಬಿಸ್ಮಿಲ್ಲಾ ಬೀ ಕೈಮುಗಿಯದೆ ಬಗ್ಗಿಸುತ್ತಾಳೆ. ಗಿಡದ ಬುಡ ಕಪ್ಪಾಯಿತು. ಸುತ್ತ ಜಾಲಿಮುಳ್ಳು ಕಟ್ಟಿದೆ.

"ಗಿಡಕ್ಕೂ ನೀರಿಲ್ಲ, ಅತ್ತಿಗೂ ನೀರಿಲ್ಲ. ಖುದಾ ನೋಡ್ತಾನ, ಕನಕಮ್ಮಾ," ಎಂದಳು ಬಿಸ್ಮಿಲ್ಲಾ ಬೀ.

"ನೋಡ್ಲಿ ಬಿಡ್ರೀ. ನಿಮ್ಮಂಗ ತಂಬಿಗಿ ತಗೊಂಡು ಬರದಿದ್ರ ಸಾಕು."

ಓಣಿಗೆಲ್ಲ ನಾನು ಕಟುಕಿಯಾದೆ. ಜನ ನೀರು ಹಾಕುವುದನ್ನು ಬಿಟ್ಟರು, ನನ್ನ ಜೊತೆ ಮಾತನ್ನೂ ಬಿಟ್ಟರು. ಗಿಡ ಮಾತ್ರ ಕೊಳೆಯುತ್ತಲೇ ಹೋಯಿತು.

ಒಂದು ಮಧ್ಯಾಹ್ನ ಬಾಗಿಲ ಹಿಂದೆ ಕಾದು ನಿಂತೆ. ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಕೈಯಲ್ಲಿ ಅವಳ ಚರಿಗೆ, ನಾನು ಬೆಳಿಗ್ಗೆ ಅಳೆದು ಕೊಟ್ಟ ನೀರು, ಮಲಗುವವರೆಗೆ ಅದರಲ್ಲೇ ಸಾಗಬೇಕು. ಮುಳ್ಳಿನ ಸಂದಿಯಲ್ಲಿ ಕೈ ತೂರಿಸಿ ಅರ್ಧವನ್ನು ಕುಂಡಕ್ಕೆ ಸುರಿದಳು. ಉಳಿದದ್ದರಲ್ಲಿ ಒಂದು ಗುಟುಕು ತಾನು ಕುಡಿದಳು.

"ಅತ್ತೀ!" ಎಂದೆ.

ಅವಳು ಬೆಚ್ಚಲಿಲ್ಲ. "ನೀರಡಿಕಿ ಅಂದ್ರ ಏನಂತ ನನಗ ಗೊತ್ತದ ಬೇ. ನಾನಾದ್ರ ನಿನಗ ಬೈತೀನಿ. ಅದಕ್ಕ ಬಾಯಿ ಇಲ್ಲ."

ಬೈಯಲು ಬಂದವಳು ಅಲ್ಲೇ ಕುಸಿದು ಅತ್ತುಬಿಟ್ಟೆ. ಆಮೇಲೆ ಗಿಡವನ್ನು ಕಿತ್ತು ಅವಳ ಮುಂದಿಟ್ಟೆ. ಬೇರು ಕೊಳೆತು ನಾರುತ್ತಿತ್ತು.

"ನಿನ್ನ ಕಾಲಾಗ ತುಂಬಿದಂಗ ಇದರ ಬೇರಿನಾಗ ತುಂಬ್ಯದ. ಇದೂ ಪಥ್ಯದಾಗ ಇರಬೇಕವ್ವ."

ಅತ್ತೆ ಬೇರನ್ನು ನೋಡಿದಳು, ತನ್ನ ಕಾಲನ್ನು ನೋಡಿದಳು.

ಹಸಿರು ಉಳಿದಿದ್ದ ಒಂದೇ ಕಡ್ಡಿಯನ್ನು ಮುರಿದು, ತೂತು ಬಿದ್ದ ಗಡಿಗೆಯಲ್ಲಿ ನೀರು ನಿಲ್ಲದ ಗರಸು ಮಣ್ಣು ತುಂಬಿ ಊರಿ, ಅವಳು ಮಲಗುವ ಹೊರಸಿನ ಪಕ್ಕ ನೆರಳಲ್ಲಿಟ್ಟೆ. ಚಿಗುರುವವರೆಗೆ ಸಪ್ಪನ ಬೇಳೆಯನ್ನೇ ಕಣ್ಣುಮುಚ್ಚಿ ಉಂಡಳು. ದಿನವೂ ಡಾಕ್ಟರ ಹಾಗೆ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿ, ಒಣಗಿದ್ದರೆ ಮಾತ್ರ ಚಮಚದಲ್ಲಿ ನೀರು ಬಿಡುತ್ತಿದ್ದಳು. ಯಾರಾದರೂ ತಂಬಿಗೆ ಹಿಡಿದು ಬಂದರೆ, "ಅದು ಪಥ್ಯದಾಗ ಅದ, ಮುಟ್ಟಬ್ಯಾಡ!" ಎಂದು ಗದರುತ್ತಿದ್ದಳು. ಸೊಸೆ ಹೇಳಿದರೆ ಕಟುಕತನ, ಅತ್ತೆ ಹೇಳಿದರೆ ಶಾಸ್ತ್ರ. ಓಣಿ ಒಪ್ಪಿಕೊಂಡಿತು.

ಹಾಗೆ ನಾಲ್ಕು ಮಳೆಗಾಲ ಕಳೆದವು. ಎದೆ ಸೋತದ್ದು ಸೋತದ್ದೇ. ಎಂಬತ್ತೇಳರ ದೀಪಾವಳಿ ಆದ ಮೇಲೆ ಅವಳಿಗೆ ಕಣ್ಣು ತೆರೆಯಲೂ ಆಗಲಿಲ್ಲ. ಬಾಯಿಗೆ ನೀರು ಬಿಡಲು ಓಣಿಯ ಜನ ಬಂದರು. ಮೊದಲ ನೀರು ನಾನೇ ಬಿಟ್ಟೆ. ಅಳೆಯಲಿಲ್ಲ, ಚರಿಗೆ ತುಂಬ ತಂದಿದ್ದೆ. ಅವಳಿಗೆ ಇಳಿದದ್ದು ಎರಡೇ ಹನಿ.

ಕೊನೆಗೆ ಬಿಸ್ಮಿಲ್ಲಾ ಬೀ ಗ್ಲಾಸು ಹಿಡಿದು ಬಂದಳು. ಒಂದು ಹನಿ ಬಿಟ್ಟಳು, ಸೆರಗಿನಿಂದ ಅತ್ತೆಯ ತುಟಿ ಒರೆಸಿದಳು. ಏಳುವಾಗ ಪಕ್ಕದಲ್ಲಿದ್ದ ಗಡಿಗೆಯ ಕಡೆ ರೂಢಿಯಂತೆ ಅವಳ ಕೈ ಬಗ್ಗಿತು, ಅಲ್ಲೇ ನಿಂತಿತು.

"ಪಥ್ಯದಾಗ ಅದ," ಎಂದು ತನಗೆ ತಾನೇ ಹೇಳಿಕೊಂಡು, ತುಂಬಿದ ಗ್ಲಾಸನ್ನು ತುಳುಕದ ಹಾಗೆ ಹಿಡಿದುಕೊಂಡು ಮನೆಗೆ ಹೋದಳು.