ಹಳೆಯದಲ್ಲ, ಮೊದಲನೆಯದು

ಮೆಹರುನ್ನೀಸಾ ಅವರ ಎದುರು ‘ಹಳೇ ಹಸಿರು ಟ್ರಂಕು’ ಎಂದವರು ಆ ತಪ್ಪನ್ನು ಎರಡನೇ ಸಲ ಮಾಡಿದ್ದನ್ನು ನಾನು ಕಂಡಿಲ್ಲ. ಎಪ್ಪತ್ತೆರಡರ ಆಕೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಆಡಿದವರ ಮುಖವನ್ನೇ ದಿಟ್ಟಿಸಿ, ನಿಧಾನವಾಗಿ ತಿದ್ದುತ್ತಾರೆ: “ಹಳೇದಲ್ಲ. ಮೊದಲನೇದು.”

ಈ ಪರದೇಶದ ಫೋರ್ಟ್ ಲೀ ಪಟ್ಟಣದಲ್ಲಿ ಅವರೂ ನಾನೂ ಇರುವುದು ಒಂದೇ ಕಟ್ಟಡದಲ್ಲಿ. ಸೇತುವೆಯ ಕಡೆಯಿಂದ ಬೀಸುವ ಗಾಳಿಗೆ ನಾವೆಲ್ಲ ತಲೆತಗ್ಗಿಸಿ ಓರೆಯಾಗಿ ನಡೆದರೆ, ಅವರು ತೀರಿಕೊಂಡ ಗಂಡನ ಕಂದು ಕೋಟು ತೊಟ್ಟು, ಅದರ ತೋಳುಗಳನ್ನು ಎರಡು ಸುತ್ತು ಮಡಚಿ, ಸೈಡ್‌ವಾಕಿನ ನಟ್ಟನಡುವೆ ನಡೆಯುತ್ತಾರೆ. ಎದುರಿಗೆ ಬಂದವರೇ ಸರಿಯಬೇಕು.

ಮೈಸೂರಿನಲ್ಲಿದ್ದಾಗ, ಹತ್ತೊಂಬತ್ತರ ವಯಸ್ಸಿನಲ್ಲಿ, ಅವರು ನಾಯಕಿಯಾಗಿ ನಟಿಸಿದ ಏಕೈಕ ಚಿತ್ರ ‘ಹಸಿರು ಟ್ರಂಕು’. ಮೆಹರುನ್ನೀಸಾ ಎಂಬುದು ಪೋಸ್ಟರಿಗೆ ಹೊಂದುವುದಿಲ್ಲ, ಬೇರೆ ಹೆಸರಿಡೋಣ ಎಂದ ನಿರ್ಮಾಪಕರಿಗೆ, “ಹಾಗಾದ್ರೆ ಮುಖಾನೂ ಬೇರೆ ನೋಡ್ಕೊಳ್ಳಿ” ಎಂದು ಹೇಳಿ ಎದ್ದು ಹೊರಟಿದ್ದರಂತೆ. ಹೆಸರು ಉಳಿಯಿತು, ಎರಡನೆಯ ಚಿತ್ರ ಮಾತ್ರ ಬರಲೇ ಇಲ್ಲ.

ಮೂರು ವರ್ಷದ ಹಿಂದೆ ಅದೇ ಶೀರ್ಷಿಕೆಯ ಹೊಸ ಚಿತ್ರವೊಂದು ಬಂತು. ಮೊಮ್ಮಗಳು ಯುಸ್ರಾ ಫೋನಿನಲ್ಲಿ ಹುಡುಕಿದರೆ, ಅಜ್ಜಿಯ ಚಿತ್ರದ ಪುಟದಲ್ಲಿ ಹೊಸ ನಾಯಕಿಯ ಭಾವಚಿತ್ರ. ತಾರಾಗಣದಲ್ಲಿ ಅಜ್ಜಿಯ ಹೆಸರೇ ಇಲ್ಲ. “ನಾನಿ, ಇಟ್ ಸೇಸ್ ಯು ಆರ್ ನಾಟ್ ಇನ್ ಇಟ್” ಎಂದಿತು ಮಗು. ಅಂದಿನಿಂದ ಅವರ ಬಳಿ ಒಂದು ನೋಟ್‌ಬುಕ್ಕಿದೆ. ಯಾವುದೋ ಪತ್ತೇದಾರಿ ಧಾರಾವಾಹಿಯ ‘ಹಸಿರು ಪೆಟ್ಟಿಗೆ’ ಎಂಬ ಕಂತು, ಮಕ್ಕಳ ಕಾರ್ಟೂನಿನ ಇನ್ನೊಂದು, ಆ ಹೊಸ ಚಿತ್ರ, ಹೀಗೆ ಆ ಹೆಸರನ್ನೋ ಅದರ ಆಸುಪಾಸಿನದನ್ನೋ ಹೊತ್ತ ಎಲ್ಲವನ್ನೂ ಕೂತು ನೋಡಿ, ನಟಿಸಿದವರ ಹೆಸರುಗಳನ್ನು ಒಂದೂ ಬಿಡದೆ ಬರೆದಿಟ್ಟಿದ್ದಾರೆ. ಯಾಕೆ ಆಂಟಿ ಈ ಉಸಾಬರಿ ಎಂದು ಕೇಳಿದ್ದಕ್ಕೆ ಅವರೆಂದರು: “ನನ್ನ ಹೆಸರು ಅಳಿಸಿದ್ರು ಅಂತ ಇವರದ್ದು ನಾನ್ಯಾಕೆ ಅಳಿಸಲಿ ಪ್ರಭಾ?”

ಅವರ ಚಿತ್ರ ಹಿಂದೊಮ್ಮೆ ಟೀವಿಯಲ್ಲಿ ಬಂದಾಗ ಗಂಡ ರೆಕಾರ್ಡ್ ಮಾಡಿಟ್ಟ ವೀಡಿಯೊ ಕ್ಯಾಸೆಟ್ಟೊಂದೇ ಅದರ ಉಳಿದ ಪ್ರತಿ. ಈ ಮಾರ್ಚಿನಲ್ಲಿ ವೆಸ್ಟ್ ವಿಂಡ್ಸರಿನ ನಮ್ಮ ಕನ್ನಡ ಕೂಟ ಅದನ್ನು ಪ್ರದರ್ಶಿಸಲು ಒಪ್ಪಿತು. ಕಾರ್ಯದರ್ಶಿ ಶ್ರೀಹರ್ಷ ಮೆತ್ತಗೆ ಕೇಳಿದ: “ಆಂಟಿ, ಪೋಸ್ಟರಲ್ಲಿ ‘ಹಳೆಯದು’ ಅಂತ ಹಾಕ್ಲಾ? ಇಲ್ಲಾಂದ್ರೆ ಪೀಪಲ್ ವಿಲ್ ಗೆಟ್ ಕನ್‌ಫ್ಯೂಸ್ಡ್.” ನಾನೂ, ನಾಚಿಕೆಗೇಡು, ಹೌದೆಂದು ತಲೆಯಾಡಿಸಿದೆ. ಅವರು ಕ್ಯಾಸೆಟ್ಟನ್ನು ಮರಳಿ ಕೋಟಿನ ಜೇಬಿಗೆ ಸೇರಿಸಿದರು. “ಹೊಸದಕ್ಕೆ ‘ಎರಡನೇದು’ ಅಂತ ಹಾಕಿದ್ರೇನಪ್ಪಾ? ಇಲ್ವಲ್ಲ. ನನ್ನದೂ ಬರೀ ಹೆಸರಲ್ಲೇ ಬರ್ಲಿ, ಇಲ್ಲಾ ಬರೋದೇ ಬೇಡ.”

ಪೋಸ್ಟರು ಅವರು ಹೇಳಿದಂತೆಯೇ ಆಯಿತು. ಭಾನುವಾರ ಮಧ್ಯಾಹ್ನ ಎಂಬತ್ತು ಜನ ಸೇರಿದರು. ಪರದೆಯ ಮೇಲೆ ಕಪ್ಪು-ಬಿಳುಪು ಮೂಡಿದ್ದೇ ತಡ, “ಇದು ಆ ಹೊಸ ಪಿಕ್ಚರ್ ಅಲ್ವಂತೆ” ಎಂಬ ಗುಜುಗುಜು. ಅರ್ಧ ಸಭೆ ಕೋಟು ಹುಡುಕತೊಡಗಿತು. ಶ್ರೀಹರ್ಷ ಕ್ಷಮೆ ಕೇಳಲು ಎದ್ದ. ಅವನು ಬಾಯಿ ತೆರೆಯುವ ಮುಂಚೆಯೇ ಮೊದಲ ಸಾಲಿನಿಂದ ಮೆಹರುನ್ನೀಸಾ ಎದ್ದು ಜನರತ್ತ ತಿರುಗಿದರು.

“ಹೋಗೋರು ಹೋಗಿ. ಹೆಸರು ಓದ್ಕೊಂಡು ಹೋಗಿ.”

ಎದ್ದವರು ಎದ್ದಲ್ಲೇ ನಿಂತರು. ಮಾಸಿದ ಪರದೆಯ ಮೇಲೆ ‘ಮೆಹರುನ್ನೀಸಾ’ ಮೂಡಿತು. ಎಲ್ಲರೂ ಓದಿದರು. ಆಮೇಲೆ ಕೆಲವರು ಹೋದರು, ಹಲವರು ಕೂತರು. ಅವರು ಲೆಕ್ಕ ಇಡಲಿಲ್ಲ.

ಇಂಥವರನ್ನು ಲೋಕ ಹಠಮಾರಿಗಳೆಂದು ಕರೆದು ಕೈತೊಳೆದುಕೊಳ್ಳುತ್ತದೆ. ಕರೆಯಲಿ. ಸರಿದು ನಿಲ್ಲುವುದನ್ನೇ ಸಭ್ಯತೆಯೆಂದು ಕಲಿತ ನನ್ನಂಥವರ ಹೆಸರನ್ನು ಯಾರೂ ಅಳಿಸಬೇಕಾಗಿಯೇ ಇಲ್ಲ, ನಾವೇ ಅಳಿಸಿಕೊಂಡಿರುತ್ತೇವೆ. ಇಂಥವರ ಹೆಸರನ್ನು ಅಳಿಸಹೊರಟವರು ಮಾತ್ರ ಮೊದಲು ಅದನ್ನು ಓದಲೇಬೇಕಾಗುತ್ತದೆ.